ಜಂಪರ ಕಳಸಬ್ಯಾಡ, ನೀ ಬಾ

1996ರ ಡಿಸೆಂಬರ್‌ನ ಒಂದು ಗುರುವಾರ ಬೆಳಿಗ್ಗೆ, ಚಿಕ್ಕೋಡಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಿದ್ದ ಟೇಲರ್ ಒಬ್ಬರು ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು ಐವತ್ತರೊಳಗೆ. ಸಾವಿಗೆ ಕಾರಣ ಮೊಲೆಯ ಕ್ಯಾನ್ಸರ್. ಮನೆಯವರು ಊರಿಗೆ ಹೇಳಿದ ಕಾರಣ ಕಾಮಣಿ, ಅಂದರೆ ಕಾಮಾಲೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ. ಕನ್ನಡದವರು, ಮರಾಠಿಯವರು, ಎಲ್ಲರೂ ಅವರನ್ನು ಮಾವಶಿ ಎನ್ನುತ್ತಿದ್ದರು. ತಾಯಿಯ ತಂಗಿಯನ್ನು ನಮ್ಮ ಗಡಿಭಾಗದಲ್ಲಿ ಕರೆಯುವುದು ಹಾಗೆ. ಅವರಿಗಿಂತ ಹಿರಿಯರೂ ಮಾವಶಿ ಎಂದೇ ಕರೆಯುತ್ತಿದ್ದರು.

ಅಂಗಡಿ ಎಂದರೆ ಮನೆಯ ಮುಂದಿನ ಖೋಲಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಹಲಗೆ, ಮೂಲೆಗೆ ಹಳೆಯ ಸೀರೆಯ ಪರದೆ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ವಾಚಮನ್, ಮಾತು ಕಡಿಮೆ. ಒಬ್ಬಳೇ ಮಗಳು. ಜೊತೆಗೆ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತ ನಾದಿನಿ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು 1983ರಲ್ಲಿ, ಪಿಯುಸಿ ಓದುವಾಗ. ಕಾಲೇಜಿನ ಗ್ಯಾದರಿಂಗಿಗೆ ಸೀರೆ ಉಡುವುದಿತ್ತು. ಅವ್ವ ರವಿಕೆಯ ಹೊಸ ಬಟ್ಟೆಯ ಜೊತೆ ಒಂದು ಹಳೆಯ ಜಂಪರ ಕೊಟ್ಟು ಕಳಿಸಿದಳು. ಆಗಿನ ಪದ್ಧತಿಯೇ ಅದು. ಟೇಲರ್‌ಗಳು ಬಹುತೇಕ ಗಂಡಸರು, ಅವರ ಟೇಪಿಗೆ ಮೈ ಕೊಡುವ ಹಾಗಿಲ್ಲ. ಆದ್ದರಿಂದ ಸರಿಯಾಗಿ ಕೂಡುವ ಒಂದು ಹಳೆಯ ಜಂಪರವನ್ನು ಅಳತೆಗೆಂದು ಕಳಿಸುತ್ತಿದ್ದರು. ಅದು ಮಾಪಿನ ಜಂಪರ. ಹೆಚ್ಚಿನವರದು ಮದುವೆಯ ವರ್ಷದ್ದು. ಎರಡು ಮೂರು ಹಡೆದ ಮೇಲೂ ಅದೇ ಮಾಪು. ಹೊಸ ಜಂಪರ ಬಿಗಿಯಾದರೆ ಅದು ಟೇಲರನ ತಪ್ಪಲ್ಲ, ಮಾಪಿನದೂ ಅಲ್ಲ, ಮೈಯದು. ಕೆಳಗಿನ ಎರಡು ಹುಕ್ಕು ಬಿಚ್ಚಿ ಸೆರಗು ಎಳೆದುಕೊಂಡು ಹೆಂಗಸರು ವರ್ಷಗಟ್ಟಲೆ ಓಡಾಡುತ್ತಿದ್ದರು. ಪೇಟೆಯ ದೊಡ್ಡ ಅಂಗಡಿಯಲ್ಲಿ ಆ ಜಂಪರವನ್ನು ಹಲಗೆಯ ಮೇಲೆ ಹರಡಿ, ಎದೆ ಇಷ್ಟು, ಸೊಂಟ ಇಷ್ಟು ಎಂದು ಒಬ್ಬ ಕೂಗಿ ಹೇಳಿದರೆ ಇನ್ನೊಬ್ಬ ಬರೆದುಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಕೂತವರೆಲ್ಲ ಕೇಳುತ್ತಿದ್ದರು.

ಮಾವಶಿ ನನ್ನ ಜಂಪರವನ್ನು ತಿರುವಿ ನೋಡಿದರು.

“ಯಾರದಿದು?”

“ನಂದರೀ.”

“ಯಾವಾಗಿಂದು?”

“ಹ್ವಾದ ವರ್ಷದ್ದು.”

“ಹ್ವಾದ ವರ್ಷದಾಕಿ ಹೋದಳು. ಈ ವರ್ಷದಾಕಿನ್ನ ಪರದೆ ಹಿಂದ ಕಳಸು.”

ಟೇಪು ಹಿಡಿದಾಗ ಅವರು ಮಾತಾಡುತ್ತಿರಲಿಲ್ಲ. ಅಂಕಿಯನ್ನು ಬಾಯಿಂದ ಹೇಳುತ್ತಲೇ ಇರಲಿಲ್ಲ. ನೇರವಾಗಿ ಬಟ್ಟೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಗುರುತು ಹಾಕುತ್ತಿದ್ದರು. ಒಮ್ಮೆ ಯಾರೋ, “ನನ್ನ ಎದಿ ಎಷ್ಟ ಆತ ಮಾವಶಿ?” ಎಂದು ಕೇಳಿದ್ದಕ್ಕೆ, “ಅದನ್ಯಾಕ ಒದರಬೇಕ? ಅದೇನ ನಿಪ್ಪಾಣಿ ತಂಬಾಕದ ಲಿಲಾವ ಏನು?” ಎಂದರು.

ಹೊಲಿದ ಮೇಲಿನ ಪರೀಕ್ಷೆಯೂ ಅವರದೇ ರೀತಿಯದು. ಅಂಗಡಿಯಲ್ಲಿ ಕನ್ನಡಿ ಇತ್ತು, ಆದರೆ ಅದರ ಮುಂದೆ ನಿಲ್ಲಲು ಬಿಡುತ್ತಿರಲಿಲ್ಲ. “ನೋಡಬ್ಯಾಡ. ಕೈ ಎತ್ತು. ಜಂತಿಗೆ ಬುಟ್ಟಿ ಸಿಗಸು. ಬಗ್ಗು. ಈಗ ರೊಟ್ಟಿ ಬಡಿ.” ಪರದೆಯ ಹಿಂದೆ ಹೆಂಗಸರು ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಬಗಲಲ್ಲಿ ಎಳೆದರೆ ಹೊಲಿಗೆ ಬಿಚ್ಚುವುದು. ಕಬ್ಬು ಕಡಿಯುವ ಹೆಂಗಸರಿಗೆ ಬಗಲಿಗೆ ಬೇರೆ ತುಂಡು ಹಚ್ಚಿ ಹೊಲಿಯುತ್ತಿದ್ದರು. ಎಲ್ಲರಿಗೂ ಒಳಗೆ ಎರಡೂ ಬದಿ ಬೆರಳಗಲ ಬಟ್ಟೆ ಬಿಡುತ್ತಿದ್ದರು. ಇದರಿಂದ ಬಟ್ಟೆ ಹೆಚ್ಚು ಬೇಕಾಗುತ್ತದೆ ಎಂದು ಗೊಣಗಿದವರೂ ಇದ್ದರು. “ಮೈ ಏನ್ ನಿನ್ನ ಕೇಳಿ ಬೆಳಿತೈತೇನ ಬಾಳಾ?” ಎಂದು ಅವರನ್ನು ಸುಮ್ಮನಾಗಿಸುತ್ತಿದ್ದರು.

ಮದುವೆಯ ಜಂಪರಗಳನ್ನು ನಮ್ಮಲ್ಲಿ ಗಂಡಿನ ಕಡೆಯವರು ಹೊಲಿಸುತ್ತಾರೆ. ಹೆಣ್ಣಿನ ಮನೆಯಿಂದ ಮಾಪಿನ ಜಂಪರ ಹೋಗುತ್ತದೆ. ಒಂದು ಸಲ ಬೇಡಕಿಹಾಳದ ಬೀಗರು ಕರೋಶಿಯ ಹುಡುಗಿಯ ಮಾಪು ಹಿಡಿದುಕೊಂಡು ಬಂದರು. ಮಾವಶಿ ಅದನ್ನು ನೋಡಿ, ಏನೂ ಹೇಳದೆ ಬದಿಗಿಟ್ಟರು. ಅವರು ಹೋದ ಮೇಲೆ ಹುಡುಗಿಯ ತಾಯಿಗೆ ಹೇಳಿ ಕಳಿಸಿದರು. ತಾಯಿ ಬಂದಳು. ನಾನು ಅಲ್ಲೇ ಇದ್ದೆ.

“ಇದು ನಿನ್ನ ಹಿರಿ ಮಗಳದು. ನಾನ ಹೊಲದೀನಿ,” ಎಂದರು ಮಾವಶಿ.

ತಾಯಿ ತಲೆ ತಗ್ಗಿಸಿದಳು. “ಸಣ್ಣಾಕಿ ಒಣಗಿದ ಕಡ್ಡಿ ಆಗ್ಯಾಳ್ರಿ ಮಾವಶಿ. ಅಕಿ ಜಂಪರ ಕಳಿಸಿದ್ರ ಬೀಗರು ಏನಂದಾರು? ತುಂಬಿದ ಮೈ ಅಂತ ಹೇಳೇವಿ.”

“ಹುಡುಗಿನ್ನ ನೋಡ್ಯಾರಿಲ್ಲೋ?”

“ಸೀರಿ ಹೊಚ್ಚಿ ಕೂಡಿಸಿದ್ವಿ.”

“ಹಂಗಾದ್ರ ಲಗ್ನದಾಗ ಜಂಪರ ಜೋತಾಡತಾವು. ಜಂಪರ ಕಳಸಬ್ಯಾಡ, ಹುಡುಗಿನ್ನ ಕಳಸು. ಲಗ್ನ ಜಂಪರದ್ದಲ್ಲ.”

ಹುಡುಗಿ ಬಂದಳು. ಮಾವಶಿ ಅವಳ ಅಳತೆಗೇ ಹೊಲಿದರು. ಬೀಗರು ಕೇಳಲಿಲ್ಲ. ಆ ಮದುವೆ ಏನೂ ತಕರಾರಿಲ್ಲದೆ ಆಯಿತು. ಆದರೆ ಆ ತಾಯಿ ಮತ್ತೆ ಎಂದೂ ಮಾವಶಿಯ ಅಂಗಡಿಗೆ ಬರಲಿಲ್ಲ.

1988ರಲ್ಲಿ ನಾನು ಬೆಳಗಾವಿಯ ಒಂದು ಪತ್ರಿಕೆಗೆ ಸೇರಿದೆ. ಊರಿಗೆ ಬಂದಾಗ ಅಂಗಡಿಯಲ್ಲಿ ಕೂತು ಹೋಗುವ ರೂಢಿ ಮುಂದುವರಿಯಿತು. 1990ರ ದೀಪಾವಳಿಯ ಹೊತ್ತಿಗೆ ಮಾವಶಿ ತಮ್ಮ ಜಂಪರ ಬಿಚ್ಚುತ್ತ ಕೂತಿದ್ದರು. ಬಲಗಡೆ ಬಿಗಿಯಾಗುತ್ತಿದೆ, ಕಟಿಂಗ್ ತಪ್ಪುತ್ತಿದೆ ಎಂದರು. “ಚಾಳೀಸ ಬಂತ ನೋಡು ನನಗ. ಗೆರಿ ಕಾಣಾಕತ್ತಿಲ್ಲ.” ಮುಂದಿನ ಸಲ ಹೋದಾಗ ಕನ್ನಡಕ ಬಂದಿತ್ತು. ಹೊಸ ಕನ್ನಡಕ ಹಾಕಿಕೊಂಡು ಹೊಲಿದ ಜಂಪರವೂ ಬಲಗಡೆ ಬಿಗಿಯಾಗಿತ್ತು. ಅದನ್ನೂ ಬಿಚ್ಚಿ, ಒಳಗೆ ಬಿಟ್ಟ ಬಟ್ಟೆಯನ್ನೆಲ್ಲ ಹೊರಗೆಳೆದು, ಮತ್ತೆ ಹೊಲಿದುಕೊಂಡಿದ್ದರು.

ಎಲ್ಲರಿಗೂ ನೀನೇ ಬಾ ಎನ್ನುತ್ತಿದ್ದ ಮಾವಶಿ ತಮ್ಮ ಜಂಪರಗಳನ್ನು ಹಳೆಯ ಜಂಪರವೊಂದನ್ನು ಮುಂದಿಟ್ಟುಕೊಂಡು ಕತ್ತರಿಸುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಯಾಕೆಂದು ಕೇಳಿದೆ. “ನನಗ ಟೇಪ ಹಿಡಿಯಾವ್ರು ಯಾರದಾರ?” ಎಂದರು.

ಬಿಗಿಯಾಗುತ್ತಿದ್ದದ್ದು ಬಟ್ಟೆಯಲ್ಲ, ಗಂಟು ಬೆಳೆಯುತ್ತಿತ್ತು. 1991ರ ಬೇಸಿಗೆಯಲ್ಲಿ ಅದು ಕೈಗೆ ಸಿಗುವಷ್ಟಾದಾಗ ಗಂಡ ಅವರನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ದರು. ಎಷ್ಟು ದಿನದಿಂದ ಇದೆ ಎಂದು ಡಾಕ್ಟರು ಕೇಳಿದರು. ಮಾವಶಿ ದಿನ ಹೇಳಲಿಲ್ಲ. ಮೂರು ಸಲ ಹೊಲಿಗೆ ಬಿಚ್ಚಿದ್ದನ್ನು ಹೇಳಿದರು. ಬಲ ಮೊಲೆ ತೆಗೆದರು. ಆ ಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಲು ಕಾಗವಾಡದ ಮೇಲಿಂದ ಮಿರಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಪ್ರತಿ ಸಲ ಗಂಡ ಜೊತೆಗಿರುತ್ತಿದ್ದರು, ಚೀಲ ಹಿಡಿದುಕೊಳ್ಳುತ್ತಿದ್ದರು, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಮನೆಯಲ್ಲಿ ಗಂಡ ತಮ್ಮ ಹಾಸಿಗೆಯನ್ನು ಪಡಸಾಲೆಗೆ ಬದಲಿಸಿದರು. ಅದರ ಬಗ್ಗೆ ಗಂಡ ಹೆಂಡತಿ ಇಬ್ಬರೂ ಮಾತಾಡಲಿಲ್ಲ ಎಂದು ಮಾವಶಿ ಹೇಳಿದರು. ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ತಾಯಿಗೆ ಬಂದದ್ದು ಮಗಳಿಗೂ ಬರಬಹುದು, ಮಗಳು ದೊಡ್ಡವಳಾದ ಮೇಲೆ ಆಗಾಗ ಕರೆತಂದು ತೋರಿಸಬೇಕು.

ಅಂಗಡಿ ಮತ್ತೆ ತೆರೆದದ್ದು ಶ್ರಾವಣದಲ್ಲಿ. ನಾನು ಹೋದಾಗ ಯಂತ್ರದ ಮುಂದೆ ಕೂತಿದ್ದರು. ಸೆರಗನ್ನು ಎಂದಿನಂತೆ ಹೆಗಲ ಮೇಲಿಂದ ಹಿಂದಕ್ಕೆ ಸಿಕ್ಕಿಸಿದ್ದರು. ಎಡಗಡೆ ಟಕ್ಕು ಹಿಡಿದ ಜಂಪರ, ಬಲಗಡೆ ಸಪಾಟು. ಅಲ್ಲಿ ಬಟ್ಟೆ ಸುಕ್ಕಿಲ್ಲದೆ, ಗಂಡಸರ ಅಂಗಿಯ ಹಾಗೆ ನೇರ ಇಳಿದಿತ್ತು. ಈ ಸಲ ತಮ್ಮ ಅಳತೆಯನ್ನು ಮಗಳಿಂದ ತೆಗೆಸಿಕೊಂಡಿದ್ದರು.

ನಾದಿನಿ ಬಾಗಿಲಲ್ಲಿ ನಿಂತು ನನಗೆ ಹೇಳಿದಳು, “ನೀವರೆ ಹೇಳ್ರಿ ಬಾಯಾರ. ಒಂದ ಮುಟಗಿ ಅರಳಿ ಇಟ್ಕೊಂಡ್ರ ಏನಾಕ್ಕೈತಿ? ಮಂದಿ ಅಕಿ ಮಾರಿ ನೋಡಾಂಗಿಲ್ಲ, ಅದನ್ನ ನೋಡ್ತಾರ.”

“ನೋಡ್ಲಿ. ನೋಡಿ ನೋಡಿ ಬ್ಯಾಸರಾಗತೈತಿ,” ಎಂದರು ಮಾವಶಿ, ಯಂತ್ರ ನಿಲ್ಲಿಸದೆ.

ಜನರಿಗೆ ಬೇಸರವಾಗಲಿಲ್ಲ. ದಿನದ ಜಂಪರಗಳು ಬಂದವು. ಮದುವೆಯ ಜಂಪರಗಳು ನಿಂತವು. ಕೊರತೆ ಇದ್ದವಳ ಕೈಯಿಂದ ಮದುಮಗಳ ಜಂಪರ ಹೊಲಿಸಬಾರದು ಎಂಬ ಮಾತು ಓಣಿಯಲ್ಲಿ ಹುಟ್ಟಿತು. ಯಾರು ಮೊದಲು ಹೇಳಿದರೋ ಗೊತ್ತಾಗಲಿಲ್ಲ. ಉಡಿ ತುಂಬುವ ಕಾರ್ಯಗಳಿಗೆ ಅವರನ್ನು ಕರೆಯುವುದು ಕಡಿಮೆಯಾಯಿತು. ಗಂಡ ಬದುಕಿದ್ದರೂ, ಹಣೆಯಲ್ಲಿ ಕುಂಕುಮವಿದ್ದರೂ.

ಬೇರೆ ಹೆಂಗಸರು ಬರತೊಡಗಿದರು. ಮಿರಜಿನ ವಾರ್ಡಿನಲ್ಲಿ ಪರಿಚಯವಾದವರು, ಅವರು ಹೇಳಿ ಕಳಿಸಿದವರು, ನಿಪ್ಪಾಣಿಯಿಂದ, ಅಥಣಿಯಿಂದ. ಮಧ್ಯಾಹ್ನ ಓಣಿ ಖಾಲಿಯಾಗಿರುವಾಗ ಬರುತ್ತಿದ್ದರು. ಅವರಿಗೆ ಮಾವಶಿ ಮೆತ್ತನೆಯ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು, ನವಣೆ ತುಂಬಿ, ಜಂಪರದ ಒಳಗೆ ಅದನ್ನಿಡಲು ಜೇಬು ಹಚ್ಚಿ ಕೊಡುತ್ತಿದ್ದರು. ಅರಳೆ ಹಗುರ, ಮೇಲೇರುತ್ತದೆ. ನವಣೆಗೆ ತೂಕವಿದೆ, ಇಟ್ಟಲ್ಲಿ ಇರುತ್ತದೆ. ನಿಪ್ಪಾಣಿಯ ಒಬ್ಬ ಬೀಡಿ ಕಟ್ಟುವ ಹೆಂಗಸು ಅದನ್ನು ಹಾಕಿಕೊಂಡು ಪರದೆಯಿಂದ ಹೊರಬಂದವಳು, ಎರಡೂ ಕೈ ಎತ್ತಿ, ಬಗ್ಗಿ, ರೊಟ್ಟಿ ಬಡಿದಂತೆ ಮಾಡಿ, ಅಲ್ಲೇ ಕೂತು ಅತ್ತಳು. ಮಾವಶಿ ಅವಳಿಗೆ ಚಹಾ ಮಾಡಿ ಕೊಟ್ಟರು.

ಇವರಿಗೆಲ್ಲ ಹೊಲಿದು ಕೊಡುತ್ತೀರಿ, ನೀವೇ ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದೆ.

“ಬೇಕಂದಾಕಿಗೆ ಬೇಕು. ಅಕಿದೇನ ತಪ್ಪಿಲ್ಲ. ನನಗ ಬ್ಯಾಡ. ಇಷ್ಟ ವರ್ಷ ಮಂದಿಗೆ ಇದ್ದ ಮೈಗೆ ಹೊಲಸ್ಕೋರಿ ಅಂದೀನಿ. ಈಗ ನಾ ಇಲ್ಲದ ಮೈಗೆ ಹೊಲ್ಕೊಳ್ಳಲೇನು?”

ಇದನ್ನು ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಾಗ ಒಪ್ಪಿದರು. ಎರಡು ಷರತ್ತು: ಹೆಸರು ಬೇಡ, ಫೋಟೋ ಬೇಡ. “ನನಗ ನಾಚಿಕಿ ಅಂತಲ್ಲ. ಮಗಳ ಲಗ್ನ ಆಗೋದೈತಿ.” 1992ರಲ್ಲಿ ಮಹಿಳಾ ಪುಟದಲ್ಲಿ ಅದು ಬಂತು. ಡೆಸ್ಕಿನಲ್ಲಿ ಮೊಲೆ ಎಂಬ ಪದ ಹೋಗಿ ಸ್ತನ ಆಯಿತು, ಅದೂ ಹೋಗಿ “ದೇಹದ ಒಂದು ಭಾಗ” ಎಂದು ಅಚ್ಚಾಯಿತು. ಪತ್ರಿಕೆ ಒಯ್ದು ಕೊಟ್ಟೆ. ಮಗಳು ಓದಿ ಹೇಳಿದಳು. ಮಾವಶಿ ಕೊನೆಯವರೆಗೂ ಕೇಳಿ, “ಯಾವ ಭಾಗ? ಕಾಲಾ?” ಎಂದರು. ಮಗಳು ನಕ್ಕಳು. ನಾದಿನಿ ಕೂಡ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರೋಗ ಮರಳಿ ಬಂದದ್ದು 1996ರ ಮಳೆಗಾಲದಲ್ಲಿ. ಈ ಸಲ ಬೆನ್ನೆಲುಬಿಗೆ. ಹೆಚ್ಚು ಹೊತ್ತು ಕೂಡಲಾಗುತ್ತಿರಲಿಲ್ಲ. ದಸರೆ ಮುಗಿದ ಮೇಲೆ ಮಗಳನ್ನು ನೋಡಲು ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ ಬೀಗರು ಬಂದರು. ಕಬ್ಬಿನ ಹೊಲ ಇದ್ದ ಮನೆ, ಹುಡುಗ ಒಳ್ಳೆಯವನು. ಆ ದಿನ ನಾನಿರಲಿಲ್ಲ. ನಡೆದದ್ದನ್ನು ಮಗಳು ನಂತರ ಹೇಳಿದಳು.

ಹಿಂದಿನ ದಿನ ನಾದಿನಿ ಮಾವಶಿಯ ಕಾಲ ಬಳಿ ಕೂತು ಬೇಡಿಕೊಂಡಳು. “ವೈನಿ, ಒಂದ ತಾಸಿನ ಮಾತು. ತುಂಬಕೊಂಡ ಹೊರಗ ಬಾ. ತಾಯಿಗಿ ಹಿಂಗಾಗೇತಿ ಅಂದ್ರ ಮಗಳಿಗೂ ಆಕ್ಕೈತಿ ಅಂತಾರ. ಯಾರ ಮಾಡ್ಕೋತಾರ ಇಕಿನ್ನ?”

ಮಾವಶಿ, “ಹೊರಗ ಬಂದ್ರ ಹಿಂಗ ಬರ್ತೀನಿ. ಇಲ್ಲಾ ಒಳಗಿರ್ತೀನಿ. ಅಕಿನ್ನ ಕೇಳು,” ಎಂದು ಮಗಳ ಕಡೆ ತೋರಿಸಿದರು.

“ಒಳಗಿರವ್ವಾ,” ಎಂದಳು ಮಗಳು.

ಅವರು ಒಳಗಿದ್ದರು. ಹೊರಗೆ ಮಗಳನ್ನು ನಡೆಸಿ ನೋಡಿದರು, ಕೂದಲು ಬಿಚ್ಚಿಸಿ ನೋಡಿದರು. ಹುಡುಗನ ತಾಯಿ, “ಬೀಗತಿ ಎಲ್ಯದಾರ?” ಎಂದು ಕೇಳಿದಾಗ ನಾದಿನಿ, “ಕಾಮಣಿ ಆಗೇತ್ರಿ, ಮಂದ್ಯಾಗ ಬರಬ್ಯಾಡ ಅಂದಾರ ಡಾಕ್ಟರ,” ಎಂದಳು. ಮದುವೆ ಗೊತ್ತಾಯಿತು.

ನವೆಂಬರಿನಲ್ಲಿ ನಾನು ಅವರನ್ನು ಕೊನೆಯ ಸಲ ನೋಡಿದೆ. ಮಗಳು ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಮಾವಶಿಯ ಧ್ವನಿ ಸಣ್ಣದಾಗಿತ್ತು, ಮಾತು ಮಾತ್ರ ಸ್ಪಷ್ಟ. ಅವರ ಜಾತಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ತೊಡಿಸಿ, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಊರೆಲ್ಲ ಬಂದು ಎದುರಿಗೆ ನಿಂತು ನೋಡುತ್ತದೆ. ಅವರು ಹೇಳಿದ್ದು ಅದರ ಬಗ್ಗೆ.

“ಮಲಗಿಸಿದ್ರ ಗೊತ್ತಾಗೂದಿಲ್ಲ. ಕೂಡ್ರಿಸಿದ್ರ ಕಾಣತೈತಿ. ಕಾಣ್ಲಿ. ಏನೂ ತುಂಬಬ್ಯಾಡ್ರಿ ನನಗ.” ಮಗಳ ಕಡೆ ತಿರುಗಿ, “ಕೇಳಿದಿ?” ಎಂದರು.

ಮಗಳು ದಾರವನ್ನು ಹಲ್ಲಿನಿಂದ ಕಡಿದು, “ಹೂಂ” ಎಂದಳು.

ಗುರುವಾರ ಸುದ್ದಿ ಬಂದಾಗ ಬೆಳಗಾವಿಯಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಒಳಗಿನ ಖೋಲಿಯಲ್ಲಿ ಮೈ ತೊಳೆದಾಗಿತ್ತು. ಮುತ್ತೈದೆಯ ಸಾವು, ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ಕುಂಕುಮ. ಕೂಡ್ರಿಸಿದ್ದರು. ಅವರೇ ಹೊಲಿದುಕೊಂಡಿದ್ದ ಒಂದು ಜಂಪರ ತೊಡಿಸಿದ್ದರು, ಬಲಗಡೆ ಸಪಾಟಾದದ್ದು. ರಾಯಬಾಗದಿಂದ ಬೀಗರು ಟ್ರ್ಯಾಕ್ಸ್ ಜೀಪಿನಲ್ಲಿ ಹೊರಟಿದ್ದಾರೆ ಎಂದು ಯಾರೋ ಹೇಳಿದರು.

ನಾದಿನಿ ಹಾಸಿಗೆಯೊಂದರ ಹೊಲಿಗೆ ಹರಿದು ಅರಳೆ ತೆಗೆದಳು. ಜಂಪರ ಬದಲಿಸಲು ತನ್ನದೊಂದನ್ನು ತಂದಿದ್ದಳು. ಖೋಲಿಯಲ್ಲಿ ನಾವು ನಾಲ್ಕೈದು ಜನ ಹೆಂಗಸರಿದ್ದೆವು. ಏನೂ ತುಂಬಬೇಡಿ ಎಂದು ಅವರೇ ಹೇಳಿದ್ದರಲ್ಲ ಎಂದೆ.

“ಹೇಳ್ಯಾಳ್ರಿ, ನನಗೂ ಹೇಳ್ಯಾಳ.” ನಾದಿನಿ ಅಳುತ್ತಿದ್ದಳು. “ಸತ್ತಾಕಿ ಹ್ವಾದಳು. ಇದ್ದಾಕಿ ಬಾಳೇ ಮಾಡಬೇಕಲ್ಲ? ಇವತ್ತ ಅವ್ರು ಬಂದ ಇದನ್ನ ನೋಡಿದ್ರ ನಾಳಿ ಇಕಿ ಲಗ್ನದ ಅಕ್ಕಿಕಾಳ ಬೀಳಾಂಗಿಲ್ಲ. ನಾ ಏನ ಪಾಪ ಮಾಡಾಕತ್ತೀನ್ರಿ ಬಾಯಾರ? ಹೇಳ್ರಿ.”

ಪಡಸಾಲೆಯಿಂದ ಗಂಡನ ಧ್ವನಿ ಬಂತು, “ಲಗೂನ ಮುಗಸ್ರಿ.”

ನಾದಿನಿ ತನ್ನ ಜಂಪರ ತೊಡಿಸಿ ಬಲಗಡೆ ಅರಳೆ ತುರುಕಿದಳು. ಅರಳೆ ಒಂದು ಕಡೆ ಮುದ್ದೆಯಾಗಿ ನಿಂತಿತು, ಕುತ್ತಿಗೆಯ ಬಳಿ ಹೊರಗೆ ಇಣುಕಿತು. ಆಗ ಮಗಳು ಎದ್ದು ಬಂದಳು. ಸೋದರತ್ತೆಯನ್ನು ಬದಿಗೆ ಸರಿಸಿದಳು. ಅರಳೆಯನ್ನೆಲ್ಲ ಹೊರತೆಗೆದಳು. ಅವಳು ಅದನ್ನು ಬೆರಳಿನಿಂದ ಬಿಡಿಸಿ, ಒಂದು ಅರಿವೆಯಲ್ಲಿ ಸುತ್ತಿ, ಎಡಗಡೆಗೆ ಸಮನಾಗುವಷ್ಟು ಮಾಡಿ, ಮತ್ತೆ ಒಳಗಿಟ್ಟಳು. ಹುಕ್ಕು ಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸೆರಗು ಸರಿಪಡಿಸಿದಳು. ಆಮೇಲೆ ಗೋಡೆಗೆ ಹಣೆ ಹಚ್ಚಿ ಅತ್ತಳು.

ಬೀಗರು ಬಂದರು. ಹುಡುಗನ ತಾಯಿ ಹೆಣದ ಎದುರಿಗೆ ನಿಂತು, “ಎಂಥಾ ತುಂಬಿದ ಹೆಣ್ಣಮಗಳು ಕಾಮಣಿಗಿ ಹ್ವಾದಳು,” ಎಂದು ಕಣ್ಣೊರಸಿಕೊಂಡಳು. ಸಂಜೆಗೆ ಮಣ್ಣಾಯಿತು.

ವರ್ಷದೊಳಗೆ ಮದುವೆ ಆಗಬೇಕೆಂದು 1997ರ ಬೇಸಿಗೆಯಲ್ಲಿ ಮಾಡಿದರು. ನಾದಿನಿಯೇ ಮುಂದೆ ನಿಂತು ಎಲ್ಲ ನಡೆಸಿದಳು. ಮುಂದಿನ ಖೋಲಿಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಈಗ ಅಲ್ಲಿ ಕೀಟನಾಶಕ ಮಾರುತ್ತಾರೆ.

1999ರ ಕೊನೆಯಲ್ಲಿ ಒಂದು ವರದಿಗೆಂದು ಹೋದಾಗ ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ಆ ಮಗಳು ಸಿಕ್ಕಳು. ಕಂಕುಳಲ್ಲಿ ಹೆಣ್ಣುಮಗು. ಮೈ ಕೈ ತುಂಬಿಕೊಂಡಿದ್ದಳು. ಅತ್ತೆ ಒಳ್ಳೆಯವಳು, ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದಳು. ಮಿರಜಿನ ಡಾಕ್ಟರು ತಾಯಿಗೆ ಹೇಳಿದ್ದ ಮಾತನ್ನು ನೆನಪಿಸಿ, ತೋರಿಸಿಕೊಂಡೆಯಾ ಎಂದು ಕೇಳಿದೆ.

ಅವಳು ಸುತ್ತ ನೋಡಿದಳು. ಅತ್ತೆ ಸ್ವಲ್ಪ ದೂರದಲ್ಲಿ ಬಾಳೆಹಣ್ಣು ಆರಿಸುತ್ತಿದ್ದಳು.

“ಏನಂತ ಹೇಳಿ ಹೋಗ್ಲಿರೀ ಅಕ್ಕಾ?” ಎಂದಳು.

ಅಥಣಿಯ ಬಸ್ಸು ಬಂತು. ಅವರು ಹತ್ತಿ ಹೋದರು. ಆ ದಿನದವರೆಗೆ ಅವಳು ಮಿರಜಿಗೆ ಹೋಗಿರಲಿಲ್ಲ.